ಪಾತ್ರ ಹಂಚುವ ದಿನ



ನಮ್ಮ ಶಾಲೆಗಳಲ್ಲಿ ವಾರ್ಷಿಕೋತ್ಸವದ ನಾಟಕಕ್ಕೆ ಪಾತ್ರ ಹಂಚುವ ಕೆಲಸ ಹೆಚ್ಚೆಂದರೆ ಹದಿನೈದು ನಿಮಿಷದ್ದು. ಬೆಳ್ಳಗೆ ತೆಳ್ಳಗೆ ಇರುವ ಹುಡುಗಿ ಸೀತೆ. ಎತ್ತರದ ಹುಡುಗ ರಾಮ. ಮೈ ತುಂಬಿಕೊಂಡವನು ಕುಂಭಕರ್ಣ ಇಲ್ಲವೆ ಬಕಾಸುರ. ಕಪ್ಪಗಿರುವವಳು ಶೂರ್ಪನಖಿ. ಕುಳ್ಳಗಿರುವವನು ವಿದೂಷಕ. ತೊದಲುವವನಿಗೆ ಮಾತಿಲ್ಲದ ದ್ವಾರಪಾಲಕನ ಕೆಲಸ, ಕಾಲು ಸರಿಯಿಲ್ಲದವರಿಗೆ ತೆರೆ ಎಳೆಯುವ ಕೆಲಸ. ಯಾರೂ ಇದನ್ನು ಕೇಡಿನ ಮನಸ್ಸಿನಿಂದ ಮಾಡುವುದಿಲ್ಲ. ‘ಪಾತ್ರಕ್ಕೆ ಒಪ್ಪುತ್ತದೆ’ ಎಂಬ ಒಂದೇ ಮಾತಿನಲ್ಲಿ ತೀರ್ಮಾನವಾಗುತ್ತದೆ. ಆದರೆ ಆ ಹದಿನೈದು ನಿಮಿಷದಲ್ಲಿ ಪ್ರತಿ ಮಗುವಿಗೂ ಅದರ ಮೈಯ ಬೆಲೆ ಎಷ್ಟೆಂದು ಇಡೀ ತರಗತಿಯ ಮುಂದೆ ತಿಳಿಸಿದ ಹಾಗಾಗುತ್ತದೆ. ಮುಂದೆ ನಾಟಕದಲ್ಲಿ ಎಂಥ ಉದಾತ್ತ ನೀತಿ ಇದ್ದರೂ ಮಕ್ಕಳು ಕಲಿಯುವುದು ಈ ಮೊದಲ ಪಾಠವನ್ನೇ.

ಇದರಲ್ಲಿ ಇನ್ನೊಂದು ವಿನೋದವೂ ಉಂಟು. ರಾಮನೂ ಕೃಷ್ಣನೂ ಶ್ಯಾಮವರ್ಣದವರು. ದ್ರೌಪದಿಗೆ ‘ಕೃಷ್ಣೆ’ ಎಂಬ ಹೆಸರು ಬಂದದ್ದೇ ಮೈಬಣ್ಣದಿಂದ. ಆದರೂ ನಾವು ಕಪ್ಪು ಹುಡುಗನನ್ನು ಪಕ್ಕಕ್ಕೆ ಕೂರಿಸಿ, ಬಿಳಿಯ ಹುಡುಗನ ಮೈಗೆ ನೀಲಿ ಬಣ್ಣ ಬಳಿದು ಕೃಷ್ಣನನ್ನು ಮಾಡುತ್ತೇವೆ. ನಾಟಕ ಶುರುವಾಗುವ ಮೊದಲು ಡೊಳ್ಳುಹೊಟ್ಟೆಯ, ಮುರಿದ ದಂತದ ಗಣಪನಿಗೆ ರಂಗಪೂಜೆ ಮಾಡಿ ಕೈಮುಗಿಯುತ್ತೇವೆ. ಪೂಜೆ ಮುಗಿದ ಮೇಲೆ ಹೊಟ್ಟೆ ದಪ್ಪಗಿರುವ ಹುಡುಗನನ್ನು ರಂಗಕ್ಕೆ ತಳ್ಳಿ ನಗುತ್ತೇವೆ.

ಇಷ್ಟನ್ನು ಬರೆಯಲು ಒಂದು ಕಾರಣವಿದೆ. ಈಗ ಶಿಕ್ಷಕನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸಾರ್, ಈ ವರ್ಷ ಅಂಗವಿಕಲರ ಬಗ್ಗೆ, ಮಕ್ಕಳು ತಮ್ಮ ರೂಪದ ಬಗ್ಗೆ ಪಡುವ ಕೀಳರಿಮೆಯ ಬಗ್ಗೆ ಒಂದು ನಾಟಕ ಬೇಕು. ಅರ್ಧ ಗಂಟೆಯದು ಬರೆದುಕೊಡಿ, ಕೊನೆಯಲ್ಲಿ ಎಲ್ಲರ ಕಣ್ಣಲ್ಲೂ ನೀರು ಬರಬೇಕು” ಎಂದು ಕೇಳಿದ. ಬರೆದುಕೊಡುವುದಿಲ್ಲ ಎಂದು ಹೇಳಿದೆ. ಆ ವಿಷಯದ ನಾಟಕವನ್ನು ಮೇಷ್ಟರು ಬರೆದು ಮಕ್ಕಳಿಂದ ಒಪ್ಪಿಸಬಾರದು. ಮಕ್ಕಳೇ ಕೂಡಿ ಕಟ್ಟಬೇಕು. ಯಾರ ಮೈಯ ಮಾತೋ ಅವರು ಕಟ್ಟುವವರ ನಡುವೆ ಇರಲೇಬೇಕು. ನೋಡುವವರ ಕಣ್ಣಲ್ಲಿ ನೀರು ತರಿಸುವುದು ಅದರ ಗುರಿಯಾಗಬಾರದು. ಇದು ನನ್ನ ಖಚಿತ ಅಭಿಪ್ರಾಯ. ಹಾಗೇಕೆ ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ.

ನಮ್ಮ ಕಥೆಗಳಲ್ಲಿ ಊನವಾದ ದೇಹಕ್ಕೆ ಸಾಮಾನ್ಯವಾಗಿ ಮೂರು ಅಚ್ಚುಗಳಿವೆ. ಮೊದಲನೆಯದು, ಮೈ ವಕ್ರವಾದರೆ ಮನಸ್ಸೂ ವಕ್ರ ಎಂಬುದು. ಗೂನುಬೆನ್ನಿನ ಮಂಥರೆ ಇದಕ್ಕೆ ಸಾಕ್ಷಿ. 1988ರಲ್ಲಿ ದೂರದರ್ಶನದಲ್ಲಿ ಆರಂಭವಾದ ‘ಮಹಾಭಾರತ’ ಧಾರಾವಾಹಿಯ ಶಕುನಿಯೂ ಕುಂಟುತ್ತಲೇ ಬಂದ. ಆಮೇಲೆ ಎಷ್ಟೋ ಊರಿನ ನಾಟಕಗಳಲ್ಲಿ ಅವನ ನಡಿಗೆಯನ್ನು ಅನುಕರಿಸಿದ್ದನ್ನು ಕಂಡಿದ್ದೇನೆ. ಎರಡನೆಯದು, ದೇವರು ಮುಟ್ಟಿ ನೆಟ್ಟಗೆ ಮಾಡುವುದು. ಭಾಗವತದ ಕುಬ್ಜೆ ಕೃಷ್ಣನ ಸ್ಪರ್ಶದಿಂದ ಸುಂದರಿಯಾಗುತ್ತಾಳೆ. ಮೂರನೆಯದು, ಊನಕ್ಕೆ ಬದಲಾಗಿ ಅಸಾಧಾರಣ ಶಕ್ತಿ. ಎಂಟು ಕಡೆ ಡೊಂಕಾದ ಅಷ್ಟಾವಕ್ರ ಜನಕನ ಸಭೆಯಲ್ಲಿ ಬಂದಿಯಂಥ ಪಂಡಿತನನ್ನು ವಾದದಲ್ಲಿ ಸೋಲಿಸಬೇಕು. ಆಗ ಮಾತ್ರ ಅವನಿಗೆ ಮರ್ಯಾದೆ. ಖಳ, ಕೃಪೆಯ ಪಾತ್ರ, ಮಹಾಪುರುಷ: ಈ ಮೂರರಲ್ಲಿ ಎಲ್ಲಿಯೂ ಸುಮ್ಮನೆ ಶಾಲೆಗೆ ಬಂದು ಹೋಗುವ, ಲೆಕ್ಕದಲ್ಲಿ ಮೂವತ್ತೈದು ಅಂಕ ತೆಗೆಯುವ, ಗೆಳೆಯರೊಡನೆ ಜಗಳವಾಡುವ ಒಬ್ಬ ಸಾಧಾರಣ ಕುಂಟ ಹುಡುಗನಿಗೆ ಜಾಗವಿಲ್ಲ.

ನಮ್ಮ ದೊಡ್ಡ ಲೇಖಕರು ಈ ಅಚ್ಚುಗಳನ್ನು ಒಡೆದು ನೋಡಿದ್ದಾರೆ. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಮಂಥರೆಗೆಂದೇ ‘ಮಮತೆಯ ಸುಳಿ ಮಂಥರೆ’ ಎಂಬ ಅಧ್ಯಾಯವನ್ನು ಬರೆದು, ಆ ಅನಾದರಕ್ಕೊಳಗಾದ ಹೆಂಗಸಿನ ಒಳಗನ್ನು ತೋರಿಸಿದರು. ಗಿರೀಶ ಕಾರ್ನಾಡರು 1971ರ ‘ಹಯವದನ’ದಲ್ಲಿ ಇಬ್ಬರು ಗೆಳೆಯರ ರುಂಡ ಮುಂಡಗಳನ್ನು ಅದಲುಬದಲು ಮಾಡಿ, ಪೂರ್ಣತೆ ಎಂದರೇನು ಎಂಬ ಪ್ರಶ್ನೆಯನ್ನೇ ರಂಗದ ಮೇಲೆ ನಿಲ್ಲಿಸಿದರು. ಇತ್ತೀಚೆಗೆ, 2017ರಲ್ಲಿ ಬಂದ ‘ಒಂದು ಮೊಟ್ಟೆಯ ಕಥೆ’ ಚಲನಚಿತ್ರದಲ್ಲಿ ಬೋಳುತಲೆಯ ಕನ್ನಡ ಉಪನ್ಯಾಸಕನೇ ನಾಯಕ. ನಾಡಿನ ಸಾಹಿತ್ಯ, ಸಿನಿಮಾಗಳು ಇಷ್ಟು ದೂರ ಬಂದಿರುವಾಗ ಶಾಲೆಯ ವೇದಿಕೆ ಮಾತ್ರ ಹಳೆಯ ಅಚ್ಚಿನಲ್ಲೇ ಏಕಿರಬೇಕು? ಛದ್ಮವೇಷ ಸ್ಪರ್ಧೆಯಲ್ಲಿ ಕಣ್ಣಿಗೆ ಕಪ್ಪು ಕನ್ನಡಕ ಹಾಕಿ ಕೈಗೆ ತಟ್ಟೆ ಕೊಟ್ಟ ‘ಕುರುಡ ಭಿಕ್ಷುಕ’ನಿಗೆ ಇಂದಿಗೂ ಬಹುಮಾನ ಬರುತ್ತದೆ.

ಮಕ್ಕಳು ಕಟ್ಟಿದ ನಾಟಕ ಹೇಗಿರುತ್ತದೆ ಎಂಬುದಕ್ಕೆ ನನ್ನ ಅನುಭವದಿಂದಲೇ ಒಂದು ಉದಾಹರಣೆ ಕೊಡುತ್ತೇನೆ. 1993ರಲ್ಲಿ ನಾನು ತುಮಕೂರು ಜಿಲ್ಲೆಯ ಒಂದು ಪ್ರೌಢಶಾಲೆಗೆ ವರ್ಗವಾಗಿ ಹೋದೆ. ಅಲ್ಲಿ ಒಂಬತ್ತನೆಯ ತರಗತಿಯಲ್ಲಿ ಪೋಲಿಯೋದಿಂದ ಎಡಗಾಲು ಸಣ್ಣಗಾಗಿ, ಕ್ಯಾಲಿಪರ್ ಹಾಕಿಕೊಂಡು ನಡೆಯುತ್ತಿದ್ದ ಒಬ್ಬ ಹುಡುಗಿ ಇದ್ದಳು. ಪ್ರತಿ ವರ್ಷದ ನಾಟಕದಲ್ಲಿ ಪಕ್ಕದ ತೆರೆಯ ಹಿಂದೆ ಕುಳಿತು ಪ್ರಾಂಪ್ಟ್ ಮಾಡುವುದು ಅವಳ ಕೆಲಸ ಎಂದು ನಾನು ಬರುವ ಮೊದಲೇ ನಿಶ್ಚಯವಾಗಿಹೋಗಿತ್ತು. ಅದರಿಂದಾಗಿ ಎಲ್ಲರ ಮಾತೂ ಅವಳಿಗೆ ಬಾಯಿಪಾಠ.

ಆ ವರ್ಷ ಬರೆದ ನಾಟಕ ಬೇಡ, ಅಷ್ಟಾವಕ್ರನ ಕಥೆಯನ್ನು ನೀವೇ ಕಟ್ಟಿ ಎಂದು ಮಕ್ಕಳಿಗೆ ಬಿಟ್ಟೆ. ಮೊದಲ ದಿನವೇ ಒಬ್ಬ ಹುಡುಗ ಕೈಕಾಲು ಸೊಟ್ಟ ಮಾಡಿ, ವಾಲಾಡುತ್ತಾ, ಮುಗ್ಗರಿಸುತ್ತಾ ಬಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಮೂಲೆಯಲ್ಲಿ ಕುಳಿತಿದ್ದ ಈ ಹುಡುಗಿ ನಗಲಿಲ್ಲ, ಅಳಲೂ ಇಲ್ಲ. “ಅಷ್ಟಾವಕ್ರ ಹಾಗೆ ನಡೆಯೋದಿಲ್ಲ ಕಣೋ” ಎಂದಳು. “ನೀನು ಬೀಳೋ ಥರ ನಡೀತಿದ್ದೀಯ. ಕಾಲು ಸರಿ ಇಲ್ಲದವರು ಬೀಳದ ಹಾಗೆ ನಡೀತಾರೆ.”

ನಾಟಕದ ಬಗ್ಗೆ ನಾನು ಓದಿದ ಪುಸ್ತಕಗಳಲ್ಲಿ ಈ ಒಂದು ಮಾತು ಇರಲಿಲ್ಲ. ಹೊರಗಿನಿಂದ ನೋಡುವವನಿಗೆ ಕಾಣುವುದು ಅಲುಗಾಟ. ಒಳಗಿರುವವರಿಗೆ ಗೊತ್ತಿರುವುದು ಎಚ್ಚರ. ಆ ಹುಡುಗ ಅವಳನ್ನು ಕೇಳಿ ಕೇಳಿ ನಡಿಗೆ ಕಲಿತ. ಊರುವ ಮುನ್ನ ನೆಲ ನೋಡುವುದು, ಮೆಟ್ಟಿಲಲ್ಲಿ ಯಾವ ಕಾಲು ಮೊದಲು, ಗುಂಪಿನಲ್ಲಿ ಗೋಡೆಯ ಪಕ್ಕ ಹೇಗೆ ಹೋಗಬೇಕು, ಎಲ್ಲವನ್ನೂ. ಒಂದು ವಾರದ ಮೇಲೆ ಅವನು ನಡೆದು ಬಂದಾಗ ಯಾರೂ ನಗಲಿಲ್ಲ.

ಅಷ್ಟಾವಕ್ರನ ಪಾತ್ರವನ್ನು ನೀನೇ ಮಾಡುತ್ತೀಯಾ ಎಂದು ಕೆಲವರು ಅವಳನ್ನು ಕೇಳಿದರು. ಅವಳು ಒಪ್ಪಲಿಲ್ಲ. “ಅವನು ಬೇಡ ಸಾರ್. ನನಗೆ ಜನಕರಾಜನ ಪಾತ್ರ ಕೊಡಿ” ಎಂದಳು. ಊರಿನ ಹಿರಿಯರೊಬ್ಬರು, “ರಾಜ ಕುಂಟುತ್ತಾ ಬಂದರೆ ಜನ ನಕ್ಕಾರು, ಮಗುವಿಗೆ ನೋವಾದೀತು ಮೇಷ್ಟ್ರೇ” ಎಂದು ನಿಜವಾದ ಕಾಳಜಿಯಿಂದಲೇ ಹೇಳಿದರು. ಆ ಮಾತನ್ನು ಅವಳ ಮುಂದಿಟ್ಟೆ. “ನಗಲಿ ಸಾರ್. ಅವರು ನಕ್ಕು ಮುಗಿಸೋ ತನಕ ನಿಂತಿರ್ತೀನಿ. ಆಮೇಲೆ ಮಾತು ಶುರು ಮಾಡ್ತೀನಿ” ಎಂದಳು. ನಾಟಕದ ರಾತ್ರಿ ಹಾಗೆಯೇ ಆಯಿತು. ಮುಂದಿನ ಸಾಲಿನ ಹುಡುಗರು ನಕ್ಕರು. ಜನಕರಾಜ ಸಿಂಹಾಸನದ ಮುಂದೆ ನಿಂತು ಕಾದ. ನಗೆ ತಾನಾಗಿ ನಿಂತ ಮೇಲೆ ಅವನ ಮೊದಲ ಮಾತು ಕೇಳಿಸಿತು.

ಇನ್ನೂ ಒಂದನ್ನು ಹೇಳಬೇಕು. ಮಹಾಭಾರತದ ವನಪರ್ವದಲ್ಲಿ ಅಷ್ಟಾವಕ್ರ ಕೊನೆಗೆ ತಂದೆಯ ಮಾತಿನಂತೆ ಸಮಂಗಾ ನದಿಯಲ್ಲಿ ಮಿಂದಾಗ ಅವನ ಅಂಗಗಳೆಲ್ಲ ನೆಟ್ಟಗಾಗುತ್ತವೆ. ಮಕ್ಕಳು ಆ ಭಾಗವನ್ನು ಚರ್ಚಿಸಿ ಬಿಟ್ಟುಬಿಟ್ಟರು. ಅವರ ಪ್ರಶ್ನೆ ಸರಳವಾಗಿತ್ತು: ಗೆದ್ದ ಮೇಲೂ ಅವನು ಸರಿಯಾಗಲೇಬೇಕಿತ್ತೆ? ಇನ್ನೊಬ್ಬ ಕೇಳಿದ: ಅವನು ವಾದದಲ್ಲಿ ಸೋತಿದ್ದರೆ ನಗುವುದು ಸರಿ ಎಂದಾಗುತ್ತಿತ್ತೆ ಸಾರ್? ಹದಿನಾಲ್ಕು ವರ್ಷದ ಮಕ್ಕಳ ಬಾಯಲ್ಲಿ ಬಂದ ಪ್ರಶ್ನೆಗಳಿವು. ನಾನು ಬರೆದುಕೊಟ್ಟಿದ್ದರೆ ಅಷ್ಟಾವಕ್ರನನ್ನು ನದಿಯಲ್ಲಿ ಮೀಯಿಸಿ, ಮಂಗಳ ಹಾಡಿಸಿಬಿಡುತ್ತಿದ್ದೆನೇನೋ! ಆ ವಿದ್ಯಾರ್ಥಿನಿಯನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಹೆಸರು ಬೇಡ, ಜನಕರಾಜ ಎಂದೇ ಬರೆಯಿರಿ ಎಂದಿದ್ದಾಳೆ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ನಟನೆ ಎಂದರೆ ಪರಕಾಯ ಪ್ರವೇಶ. ಕಣ್ಣಿರುವವನು ಕುರುಡನ ಪಾತ್ರ ಮಾಡಬಾರದೆಂದರೆ ಕಲೆ ಉಳಿದೀತೆ ಎಂದು ಕೇಳುವವರಿದ್ದಾರೆ. ಮಾಡಬಾರದೆಂದು ನಾನು ಹೇಳುತ್ತಿಲ್ಲ. ನಮ್ಮ ಅಷ್ಟಾವಕ್ರನೂ ಗಟ್ಟಿ ಕಾಲಿನ ಹುಡುಗನೇ. ನಾನು ಹೇಳುವುದಿಷ್ಟು: ಪ್ರವೇಶ ಎರಡೂ ಕಡೆಯಿಂದ ಇರಬೇಕು. ಗಟ್ಟಿ ಕಾಲಿನವನು ಅಷ್ಟಾವಕ್ರನಾಗಬಹುದಾದರೆ, ಕ್ಯಾಲಿಪರ್ ಹಾಕಿದವಳು ಜನಕನಾಗಲು ಅಡ್ಡಿ ಏನು? ಸ್ತ್ರೀಪಾತ್ರಗಳನ್ನು ಗಂಡಸರೇ ಮಾಡುತ್ತಿದ್ದ ಕಾಲದಲ್ಲಿ, ಹೆಂಗಸರು ರಂಗಕ್ಕೆ ಬರುವುದು ಆಗಹೋಗದ ಮಾತು ಎಂದೇ ಜನ ನಂಬಿದ್ದರು. ಹೆಂಗಸರು ಬಂದ ಮೇಲೆ ರಂಗಭೂಮಿ ಕೆಡಲಿಲ್ಲ, ಬೆಳೆಯಿತು.

ನಮ್ಮ ನಾಡಿನಲ್ಲಿಯೇ ಇದಕ್ಕೆ ನಿದರ್ಶನಗಳಿವೆ. ನನ್ನ ವಯಸ್ಸಿನವರೆಲ್ಲ ಮೆಚ್ಚಿ ನೋಡಿದ ನಟ ಟಿ. ಎನ್. ಬಾಲಕೃಷ್ಣ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ನಾಟಕರಂಗದಿಂದ ಬಂದ ಅವರು ಎದುರಿನವರ ತುಟಿಯ ಚಲನೆ ನೋಡಿ ಮಾತು ಹೊಂದಿಸಿಕೊಳ್ಳುತ್ತಿದ್ದರು. ಅವರು ಕಿವುಡರ ಪಾತ್ರಕ್ಕೆ ಸೀಮಿತರಾಗಲಿಲ್ಲ. ಖಳನಾಗಿ, ಹಾಸ್ಯಗಾರನಾಗಿ, ತಂದೆಯಾಗಿ ನೂರಾರು ಪಾತ್ರಗಳನ್ನು ಮಾಡಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದ ಕಥೆ ಇನ್ನೂ ದೊಡ್ಡದು. ಅಂಧರಾಗಿದ್ದ ಪಂಚಾಕ್ಷರಿ ಗವಾಯಿಗಳೂ ಅವರ ಶಿಷ್ಯ ಪುಟ್ಟರಾಜ ಗವಾಯಿಗಳೂ ಅಂಧ ಮಕ್ಕಳಿಗೆ ಸಂಗೀತ ಕಲಿಸಿದ್ದು ಎಲ್ಲರಿಗೂ ಗೊತ್ತು. ಆಶ್ರಮ ನಾಟಕ ಕಂಪನಿಯನ್ನೂ ನಡೆಸಿತೆಂಬುದು, 2010ರಲ್ಲಿ ನಮ್ಮನ್ನಗಲಿದ ಪುಟ್ಟರಾಜರು ಸ್ವತಃ ನಾಟಕಗಳನ್ನು ಬರೆದರೆಂಬುದು ಈಗಿನ ಮಕ್ಕಳಿಗೆ ತಿಳಿಯದು. ನೋಡಲಾರದವರು ನಾಟಕ ಕಟ್ಟಿ, ಊರೂರು ಅದನ್ನು ನೋಡಿತು.

ಹೊರದೇಶಗಳಲ್ಲಿಯೂ ಇಂಥ ಕೆಲಸ ನಡೆದಿದೆ. ಬ್ರಿಟನ್ನಿನ ‘ಗ್ರೇಯೆ’ ಎಂಬ ನಾಟಕ ತಂಡ 1980ರಲ್ಲಿ ಹುಟ್ಟಿತು. ಒಂದೇ ಕಣ್ಣು, ಒಂದೇ ಹಲ್ಲನ್ನು ಹಂಚಿಕೊಂಡು ಬಾಳುವ ಗ್ರೀಕ್ ಪುರಾಣದ ಮೂವರು ಸೋದರಿಯರ ಹೆಸರದು. ಕಿವುಡರೂ ಅಂಗವಿಕಲರೂ ಆದ ಕಲಾವಿದರೇ ಅದರ ಮುಂದಾಳುಗಳು. 1997ರಲ್ಲಿ ಅದರ ಕಲಾನಿರ್ದೇಶಕಿಯಾದ ಜೆನ್ನಿ ಸೀಲಿ ಅವರಿಗೆ ಕಿವಿ ಕೇಳಿಸದು. 2012ರ ಲಂಡನ್ ಪ್ಯಾರಾಲಿಂಪಿಕ್ಸ್ ಉದ್ಘಾಟನಾ ಸಮಾರಂಭದ ನಿರ್ದೇಶಕರಲ್ಲಿ ಅವರೂ ಒಬ್ಬರು. ಸಂಜ್ಞಾ ಭಾಷೆ, ಪರದೆಯ ಮೇಲಿನ ಬರಹ, ನೋಡಲಾರದವರಿಗೆ ದೃಶ್ಯವನ್ನು ಬಾಯಲ್ಲಿ ವಿವರಿಸುವುದು, ಇವೆಲ್ಲ ಆ ತಂಡದ ನಾಟಕಗಳಲ್ಲಿ ಪಕ್ಕದ ಸೌಕರ್ಯಗಳಲ್ಲ, ನಾಟಕದ ಅಂಗಗಳೇ. ನಮ್ಮ ಯಕ್ಷಗಾನದ ಭಾಗವತರು ಕಥೆಯನ್ನು ಹಾಡಿ ಹೇಳುವುದನ್ನು ಕೇಳಿ ಬೆಳೆದವರಿಗೆ ಈ ಕೊನೆಯದು ಹೊಸದೆನಿಸದು.

ಇನ್ನು ಶಾಲೆಯಲ್ಲಿ ಇದನ್ನು ಮಾಡುವ ಬಗೆ. ಬ್ರೆಜಿಲ್ ದೇಶದ ಅಗಸ್ಟೋ ಬೋಆಲ್ ಅವರು (1931-2009) ರೂಪಿಸಿದ ಒಂದು ಕ್ರಮ ತರಗತಿಗೆ ಚೆನ್ನಾಗಿ ಹೊಂದುತ್ತದೆ. ಅನ್ಯಾಯವೊಂದು ನಡೆಯುವ ಐದು ನಿಮಿಷದ ದೃಶ್ಯವನ್ನು ಮೊದಲು ಆಡಿ ತೋರಿಸುತ್ತಾರೆ. ಎರಡನೆಯ ಸಲ ಆಡುವಾಗ ನೋಡುತ್ತಿರುವವರು ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಹೇಳಿ, ರಂಗಕ್ಕೆ ಬಂದು, ಸಂಕಟದಲ್ಲಿರುವ ಪಾತ್ರದ ಜಾಗದಲ್ಲಿ ನಿಂತು ಬೇರೊಂದು ರೀತಿ ನಡೆದುಕೊಂಡು ತೋರಿಸಬಹುದು. ಇಲ್ಲಿ ಪ್ರೇಕ್ಷಕನಿಗೆ ಕಣ್ಣೀರು ಒರೆಸಿಕೊಂಡು ಮನೆಗೆ ಹೋಗುವ ಅನುಕೂಲವಿಲ್ಲ. ಅವನು ಎದ್ದು ಬರಬೇಕು.

ವಿಷಯವನ್ನು ಮಕ್ಕಳಿಂದಲೇ ಪಡೆಯಲು ಒಂದು ಸುಲಭ ದಾರಿ ಅಡ್ಡಹೆಸರುಗಳು. ಡುಮ್ಮ, ಕುಳ್ಳ, ಕಡ್ಡಿ ಪೈಲ್ವಾನ್, ಸೋಡಾಬುಡ್ಡಿ, ಕರಿಯ, ಮೆಳ್ಳಗಣ್ಣ: ತಾವು ಕೇಳಿದ ಹೆಸರುಗಳನ್ನು ಮಕ್ಕಳು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಲಿ. ಬರೆದವರ ಹೆಸರು ಬೇಡ. ಚೀಟಿ ಎತ್ತಿದ ಗುಂಪು ಆ ಹೆಸರನ್ನು ಮೊದಲು ಯಾರು ಕರೆದರು, ಯಾರು ನಕ್ಕರು, ಯಾರು ಸುಮ್ಮನಿದ್ದರು ಎಂದು ಒಂದು ದೃಶ್ಯ ಕಟ್ಟಲಿ. ಸುಮ್ಮನಿದ್ದವರ ಪಾತ್ರವೇ ಎಷ್ಟೋ ಸಲ ಎಲ್ಲಕ್ಕಿಂತ ಕಷ್ಟದ್ದು. ಈಗಿನ ಮಕ್ಕಳಿಗೆ ಇದರ ಅಗತ್ಯ ನಮಗಿಂತ ಹೆಚ್ಚು. ನಮ್ಮ ಕಾಲದಲ್ಲಿ ಕನ್ನಡಿ ಗೋಡೆಯ ಮೇಲಿತ್ತು. ಈಗ ಅದು ಅಂಗೈಯ ಮೊಬೈಲಿನಲ್ಲಿದೆ, ಅದೂ ಮುಖವನ್ನು ತಾನೇ ಬೆಳ್ಳಗೆ ಮಾಡಿ ತೋರಿಸುವ ಕನ್ನಡಿ. 1975ರಿಂದ ಮಾರಾಟವಾಗುತ್ತಿದ್ದ ‘ಫೇರ್ ಅಂಡ್ ಲವ್ಲಿ’ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಪದವನ್ನು ತೆಗೆದುಹಾಕಿತು. ಹೆಸರು ಹೋದಷ್ಟು ಸುಲಭವಾಗಿ ಆ ಆಸೆ ಹೋಗುವುದಿಲ್ಲ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳುತ್ತೇನೆ. ಯಾವ ಮಗುವಿನಿಂದಲೂ ಅದರ ಸ್ವಂತ ಗಾಯವನ್ನು ರಂಗದ ಮೇಲೆ ಬಿಚ್ಚಿಸಬಾರದು. “ನಿನ್ನ ಕಷ್ಟವನ್ನು ಎಲ್ಲರಿಗೂ ಹೇಳಮ್ಮ” ಎಂದು ಮೈಕು ಕೊಡುವುದು ನಾಟಕವಲ್ಲ, ಹಿಂಸೆ. ಪುರಾಣ, ಜನಪದ ಕಥೆ, ಮುಖವಾಡ ಇವೆಲ್ಲ ಇರುವುದು ಇದಕ್ಕಾಗಿಯೇ. ಅಷ್ಟಾವಕ್ರನ ಮರೆಯಲ್ಲಿ ನಿಂತು ಮಗು ತನ್ನ ಮಾತನ್ನು ಹೇಳಬಹುದು, ಹೇಳದೆಯೂ ಇರಬಹುದು. ಬೇಡವೆನ್ನುವ ಹಕ್ಕು, ಬೇರೆ ಪಾತ್ರ ಕೇಳುವ ಹಕ್ಕು ಎರಡೂ ಅದಕ್ಕಿರಬೇಕು. ಅಂಗವಿಕಲರ ಚಳವಳಿ ಲೋಕದಾದ್ಯಂತ ಹೇಳಿಕೊಂಡು ಬಂದ ಮಾತೊಂದಿದೆ: ನಮ್ಮನ್ನು ಬಿಟ್ಟು ನಮ್ಮ ಬಗ್ಗೆ ಏನನ್ನೂ ತೀರ್ಮಾನಿಸಬೇಡಿ ಎಂದು. ಶಾಲೆಯ ನಾಟಕಕ್ಕೂ ಅದು ಸಲ್ಲುತ್ತದೆ.

‘ನಮ್ಮ ಶಾಲೆಯಲ್ಲಿ ಅಂಥ ಮಕ್ಕಳೇ ಇಲ್ಲ’ ಎಂದು ಕೆಲವರು ಹೇಳುತ್ತಾರೆ. 2011ರ ಜನಗಣತಿಯಲ್ಲಿ ಕರ್ನಾಟಕದಲ್ಲಿ ಲೆಕ್ಕಕ್ಕೆ ಸಿಕ್ಕ ಅಂಗವಿಕಲರೇ ಹದಿಮೂರು ಲಕ್ಷಕ್ಕೂ ಹೆಚ್ಚು. ಪೋಲಿಯೋ ನಮ್ಮ ದೇಶದಿಂದ ಹೋಗಿದೆ. 2014ರಲ್ಲಿ ಅದರ ಪ್ರಮಾಣಪತ್ರವೂ ದೊರೆಯಿತು. ಆದರೆ ಕ್ಯಾಲಿಪರ್ ಕಾಣಿಸದಿದ್ದ ಮಾತ್ರಕ್ಕೆ ಎಲ್ಲ ಸರಿಯಾಗಿದೆ ಎಂದಲ್ಲ. 1995ರ ಕಾನೂನು ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿದ್ದರೆ, 2016ರ ಕಾನೂನು ಇಪ್ಪತ್ತೊಂದನ್ನು ಗುರುತಿಸುತ್ತದೆ. ಕಲಿಕೆಯ ತೊಡಕು, ಆಟಿಸಂ, ಮಂದದೃಷ್ಟಿ, ರಕ್ತದ ಕೆಲವು ಕಾಯಿಲೆಗಳು ಹೊರಗೆ ಕಾಣುವುದಿಲ್ಲ. ಹಿಂದಿನ ಬೆಂಚಿನಲ್ಲಿ ‘ದಡ್ಡ’ ಎನಿಸಿಕೊಂಡು ಕುಳಿತವನು ಕರಿಹಲಗೆ ಕಾಣದವನಿರಬಹುದು. ಅಂಗವಿಕಲ, ವಿಕಲಚೇತನ, ವಿಶೇಷಚೇತನ, ದಿವ್ಯಾಂಗ ಎಂದು ನಾವು ಹೆಸರುಗಳನ್ನು ಬದಲಿಸುತ್ತಲೇ ಇದ್ದೇವೆ. ಬದಲಿಸಲಿ, ಬೇಡವೆನ್ನುವುದಿಲ್ಲ. ಪಾತ್ರದ ಪಟ್ಟಿಯೂ ಜೊತೆಗೇ ಬದಲಾಗಲಿ.

ನನ್ನ ವಿದ್ಯಾರ್ಥಿಗಳಲ್ಲಿ ಈಗ ಎಷ್ಟೋ ಜನ ಶಿಕ್ಷಕರಿದ್ದೀರಿ, ಎಸ್‌ಡಿಎಂಸಿ ಸದಸ್ಯರಿದ್ದೀರಿ, ಎಲ್ಲರಿಗಿಂತ ಹೆಚ್ಚಾಗಿ ತಂದೆತಾಯಿಗಳಿದ್ದೀರಿ. ವಾರ್ಷಿಕೋತ್ಸವದ ದಿನಗಳು ಬಂದಾಗ ಮೂರು ಕೆಲಸ ಮಾಡಿ ನೋಡಿ. ಪಾತ್ರ ಹಂಚುವ ಮೊದಲು ಯಾರಿಗೆ ಯಾವ ಪಾತ್ರ ಬೇಕೆಂದು ಪ್ರತಿ ಮಗುವನ್ನೂ ಕೇಳಿ. ವೇದಿಕೆಗೆ ಮೆಟ್ಟಿಲಿನ ಪಕ್ಕದಲ್ಲಿ ಹಲಗೆ ಜೋಡಿಸಿ, ಅಲುಗದಂತೆ ಭದ್ರಪಡಿಸಿ, ಸಣ್ಣ ಇಳಿಜಾರು ಮಾಡಿಸಿ. ಊರಿನ ಬಡಗಿಗೆ ಅದು ಅರ್ಧ ದಿನದ ಕೆಲಸ. ನಾಟಕ ಮುಗಿದ ಮೇಲೆ ಭಾಷಣದ ಸಮಯದಲ್ಲಿ ಹತ್ತು ನಿಮಿಷ ಕಡಿಮೆ ಮಾಡಿ, ಪ್ರೇಕ್ಷಕರಲ್ಲಿ ಯಾರಾದರೂ ಎದ್ದು ಬಂದು ಒಂದು ದೃಶ್ಯವನ್ನು ಬೇರೆ ರೀತಿ ಆಡಿ ತೋರಿಸಲು ಅವಕಾಶ ಕೊಡಿ. ಮೊದಲ ವರ್ಷ ಯಾರೂ ಬಾರದಿದ್ದರೂ ಬೇಸರ ಬೇಡ. ಮಾಡಿದವರು ಏನಾಯಿತೆಂದು ನನಗೆ ತಪ್ಪದೆ ಬರೆಯಿರಿ. ಸೋತದ್ದನ್ನೂ ಬರೆಯಿರಿ, ಮುಂದಿನವರಿಗೆ ಅದೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.